ಚಾಂಪಿಯನ್ನರೇ ಹೊರಗುಳಿದ ಒಲಿಂಪಿಕ್ಸ್

ಮಾನ್ಯರೇ,

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬೇಸ್‌ಬಾಲ್ ಮರಳುತ್ತಿದೆ. ಈ ಹೊತ್ತಿನಲ್ಲಿ ಹಳೆಯದೊಂದು ಸೋಲು ನೆನಪಾಗುತ್ತದೆ. 2000ದಲ್ಲಿ ಸಿಡ್ನಿಯಲ್ಲಿ ಚಿನ್ನ ಗೆದ್ದ ಅಮೆರಿಕ ತಂಡ 2004ರ ಅಥೆನ್ಸ್‌ಗೆ ಹೋಗಲೇ ಇಲ್ಲ! 2003ರ ನವೆಂಬರ್‌ನಲ್ಲಿ ಪನಾಮಾದಲ್ಲಿ ನಡೆದ ಅರ್ಹತಾ ಟೂರ್ನಿಯ ಕ್ವಾರ್ಟರ್‌ಫೈನಲ್‌ನಲ್ಲಿ ಮೆಕ್ಸಿಕೊ ಎದುರು 2–1ರಿಂದ ಸೋತಿತು. ಅಷ್ಟೇ, ಕಥೆ ಮುಗಿಯಿತು.

ಆಟ ಹುಟ್ಟಿ ಬೆಳೆದ ದೇಶಕ್ಕೇ ಹೀಗಾಯಿತಲ್ಲ ಎಂದು ಆಗ ಎಷ್ಟೋ ಜನ ನಕ್ಕರು. ಆದರೆ ತಪ್ಪು ಆಟಗಾರರದ್ದು ಮಾತ್ರ ಅಲ್ಲ. ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ತಂಡಗಳು ತಮ್ಮ ದೊಡ್ಡ ಆಟಗಾರರನ್ನು ಬಿಟ್ಟುಕೊಡಲಿಲ್ಲ. ಅಮೆರಿಕ ಖಂಡಗಳಿಗೆಲ್ಲ ಸೇರಿ ಇದ್ದದ್ದು ಎರಡೇ ಜಾಗ. ಅವು ಕ್ಯೂಬಾ, ಕೆನಡಾ ಪಾಲಾದವು. ಅತ್ತ ಯುರೋಪಿನಿಂದ ಇಟಲಿ, ನೆದರ್ಲೆಂಡ್ಸ್ ಬಂದವು. ಬೇಸ್‌ಬಾಲ್ ಗಂಧವೇ ಜಾಸ್ತಿ ಇಲ್ಲದ ಗ್ರೀಸ್ ಆತಿಥೇಯ ಎಂಬ ಕಾರಣಕ್ಕೆ ಕಣಕ್ಕಿಳಿಯಿತು. ಅದರ ತಂಡದಲ್ಲೂ ಬಹುಪಾಲು ಗ್ರೀಕ್ ಮೂಲದ ಅಮೆರಿಕನ್ನರೇ! ತಮಾಷೆ ಅಲ್ವಾ?

ಒಂದೇ ಪಂದ್ಯಕ್ಕೆ ನಾಲ್ಕು ವರ್ಷದ ಶ್ರಮವನ್ನು ಕಟ್ಟಿಹಾಕುವುದು ಈ ಆಟಕ್ಕೆ ಒಗ್ಗದು. ಒಳ್ಳೆ ಪಿಚರ್ (ಚೆಂಡೆಸೆಯುವ ಆಟಗಾರ) ಒಬ್ಬ ಮಿಂಚಿದರೆ ಎಂಥ ತಂಡವೂ ಮುಗ್ಗರಿಸುತ್ತದೆ. 2028ಕ್ಕೆ ಆರೇ ತಂಡಗಳಂತೆ. ಅರ್ಹತಾ ಸುತ್ತಿನಲ್ಲಿ ಕನಿಷ್ಠ ಮೂರು ಪಂದ್ಯಗಳ ಸರಣಿಯಾದರೂ ಇರಲಿ.

– ಒಬ್ಬ ಕ್ರೀಡಾಭಿಮಾನಿ