ಆ ಬೂಸ್ಟರ್ ಆರ್ಡರ್ ಮಾಡಬೇಡ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಹಿಡಿದು ಹತ್ತು ದಿನವಾಯ್ತು. ಅಡಿಕೆಗೆ ಔಷಧಿ ಹೊಡೆಯುವುದಕ್ಕೂ ಬಿಡುವು ಕೊಡುತ್ತಿಲ್ಲ. ಮನೆಯಲ್ಲಿ ಫೋನ್ ಸಿಗ್ನಲ್ ಹೆಚ್ಚಿಸುವುದಕ್ಕೆ ತರಿಸೋಣ ಅಂತ ನೀನು ಕಳಿಸಿದ ಬೂಸ್ಟರಿನ ಲಿಂಕ್ ನಿನ್ನೆ ಕೊಪ್ಪಕ್ಕೆ ಹೋದಾಗ ನೋಡಿದೆ. ಫೋನಿನಲ್ಲಿ ಹೇಳೋಣ ಅಂದರೆ ಅರ್ಧಕ್ಕೇ ಕಟ್ ಆಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಯಾಕೆ ಹಾಗೆ ಅನ್ನಿಸಿತು ಅಂತ ನನಗೆ ಗೊತ್ತು. ಹೋದ ಸಲ ಬಂದಾಗ ನೀನೇ ನೋಡಿದ್ದೀಯಲ್ಲ, ನಿನ್ನ ಹತ್ತಿರ ಮಾತಾಡುವುದಕ್ಕೆ ಅಜ್ಜಿ ಕೊಡೆ ಹಿಡಿದುಕೊಂಡು ಅಂಗಳದ ಮೂಲೆಗೆ ಹೋಗಿ ನಿಲ್ಲುತ್ತಾರೆ. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಜಾರುವ ಅಂಗಳ, ಎಪ್ಪತ್ತೆಂಟು ವರ್ಷ. ಮೊಮ್ಮಗನಿಗೆ ಕರುಳು ಚುರುಕ್ ಅನ್ನದೇ ಇರುತ್ತಾ? ನಿನ್ನ ಮನಸ್ಸು ಒಳ್ಳೇದು ಮಗಾ. ಆದರೆ ಆ ಬೂಸ್ಟರ್ ಮಾತ್ರ ಬೇಡ.

ನಿನಗೆ ಹೇಳಿರಲಿಲ್ಲ, ನಾಲ್ಕು ವರ್ಷದ ಹಿಂದೆ ನಾನೂ ಅಂಥದ್ದೇ ಒಂದು ತರಿಸಿದ್ದೆ. ಹೊರಗೆ ಕಟ್ಟುವುದಕ್ಕೆ ಹಳೇ ಟಿವಿ ಆಂಟೆನಾ ತರದ್ದು ಒಂದು, ನಡುವೆ ಪುಸ್ತಕದಷ್ಟು ದೊಡ್ಡ ಡಬ್ಬ, ಮನೆಯೊಳಗೆ ಇನ್ನೊಂದು ಆಂಟೆನಾ. ಬಿದಿರಿನ ಗಳಕ್ಕೆ ಕಟ್ಟಿ ಹೆಂಚಿನ ಮೇಲೆ ನಿಲ್ಲಿಸಿದೆ. ಒಂದು ಕಡ್ಡಿ ಇದ್ದದ್ದು ನಾಲ್ಕಾಯಿತು. ಅಜ್ಜಿ ಒಲೆ ಮುಂದೆ ಕೂತೇ ಮಾತಾಡಿದರು. ಆ ಖುಷಿ ಎರಡು ವಾರ ಇತ್ತು.

ಆಮೇಲೆ ಕೆಳಮನೆಯವರು ಫೋನ್ ಮಧ್ಯದಲ್ಲೇ ಕಟ್ ಆಗುತ್ತೆ ಅನ್ನತೊಡಗಿದರು. ಗುಡ್ಡದಾಚೆ ಕೇರಿಯವರದ್ದೂ ಅದೇ ಗೋಳು. ಒಂದು ರಾತ್ರಿ ಕೆಳಮನೆಯ ಸೊಸೆಗೆ ಹೆರಿಗೆ ನೋವು ಬಂದಿದೆ. 108ಕ್ಕೆ ಎಷ್ಟು ಸಲ ಮಾಡಿದರೂ ಮಧ್ಯದಲ್ಲೇ ಕಟ್ ಆಗುತ್ತಿತ್ತಂತೆ. ಕೊನೆಗೆ ಜೀಪಿನಲ್ಲಿ ಕರೆದುಕೊಂಡು ಹೋದರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ದೇವರು ದೊಡ್ಡವನು.

ಮುಂದಿನ ತಿಂಗಳು ಈ ತೊಂದರೆ ಎಲ್ಲಿಂದ ಅಂತ ಹುಡುಕುವುದಕ್ಕೆ ಅಧಿಕಾರಿಗಳ ಕಡೆಯ ಇಬ್ಬರು ಹುಡುಗರು ಬಂದರು. ಕೈಯಲ್ಲಿ ಒಂದು ಆಂಟೆನಾ, ಒಂದು ಮೀಟರ್. ಅದನ್ನು ಆ ದಿಕ್ಕಿಗೆ ಈ ದಿಕ್ಕಿಗೆ ತಿರುಗಿಸುತ್ತಾ ತೋಟದ ದಾರಿಯಲ್ಲಿ ನಡೆದು ಬಂದು ನಮ್ಮ ದಣಪೆ ಹತ್ತಿರ ನಿಂತರು. ತಲೆ ಎತ್ತಿ ಹೆಂಚಿನ ಮೇಲಿನ ಗಳ ನೋಡಿದರು. ನನಗೆ ಆವತ್ತೇ ಎಲ್ಲ ಅರ್ಥ ಆಗಿದ್ದು.

ಅವರು ಹೇಳಿದ್ದನ್ನು ನಿನಗೂ ಹೇಳುತ್ತೇನೆ. ಟವರ್ ನಮ್ಮ ಫೋನಿಗೆ ಸಿಗ್ನಲ್ ಕಳಿಸಿದ ಹಾಗೇ ಎಲ್ಲರ ಫೋನಿಗೂ ಕಿವಿಗೊಟ್ಟು ಕೇಳುತ್ತಾ ಇರುತ್ತೆ. ಜಾತ್ರೆಯಲ್ಲಿ ಮೈಕು ಸ್ಪೀಕರಿನ ಎದುರು ಬಂದರೆ ಕುಂಯ್ ಅಂತ ಕೂಗುತ್ತಲ್ಲ? ಬೂಸ್ಟರಿನ ಎರಡು ಆಂಟೆನಾ ಒಂದಕ್ಕೊಂದು ಹತ್ತಿರ ಇದ್ದರೆ ಅದೂ ಹಾಗೇ ಕೂಗುತ್ತೆ. ನಮ್ಮ ಕಿವಿಗೆ ಕೇಳುವುದಿಲ್ಲ, ಟವರಿನ ಕಿವಿ ತುಂಬಿಹೋಗುತ್ತೆ. ದೂರದ ಮನೆಯವರ ಸಣ್ಣ ದನಿ ಅದರಲ್ಲಿ ಮುಳುಗಿಹೋಗುತ್ತೆ. ನಮ್ಮ ಮನೆಯ ನಾಲ್ಕು ಕಡ್ಡಿಗೆ ಊರಿನವರ ಮಾತು ಹೋಯಿತು. ಇವತ್ತಿಗೂ ಕೆಳಮನೆಯವರ ಮುಖ ನೋಡಿದರೆ ನನಗೆ ಆ ರಾತ್ರಿಯೇ ನೆನಪಾಗುತ್ತೆ.

ಇನ್ನು ಕಾನೂನು. ನಿನ್ನ ಅಜ್ಜನ ಕಾಲದಲ್ಲಿ ಬರೀ ರೇಡಿಯೋ ಕೇಳುವುದಕ್ಕೂ ಲೈಸೆನ್ಸ್ ಬೇಕಿತ್ತು. ಪ್ರತಿ ವರ್ಷ ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಬೇಕಿತ್ತು. ಆ ಪುಟ್ಟ ಪುಸ್ತಕ ಈಗಲೂ ಅಟ್ಟದ ಪೆಟ್ಟಿಗೆಯಲ್ಲಿದೆ. ಕೇಳುವ ರೇಡಿಯೋಗೆ ಆ ಕಟ್ಟು ಹೋಗಿ ಎಷ್ಟೋ ವರ್ಷವಾಯ್ತು. ಸಿಗ್ನಲ್ ಹೊರಗೆ ಬಿಡುವ ಯಂತ್ರಕ್ಕೆ ಹೋಗಿಲ್ಲ. ಅಂಥದ್ದನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದೇ ತಪ್ಪು ಅಂತ 1933ರ ವೈರ್‌ಲೆಸ್ ಕಾಯ್ದೆಯೇ ಹೇಳಿತ್ತು. 2023ರ ಹೊಸ ದೂರಸಂಪರ್ಕ ಕಾಯ್ದೆಯಲ್ಲೂ ಅದನ್ನು ಬಿಟ್ಟುಕೊಟ್ಟಿಲ್ಲ. 2022ರ ಜುಲೈನಲ್ಲಿ ದೂರಸಂಪರ್ಕ ಇಲಾಖೆ ಬಿಡಿಸಿ ಹೇಳಿತು: ಬೂಸ್ಟರನ್ನು ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ಪರವಾನಗಿ ಇರುವ ಟೆಲಿಕಾಂ ಕಂಪನಿಗಳಿಗೆ ಮಾತ್ರ. ಸಿಗ್ನಲ್ಲನ್ನೇ ತಡೆಯುವ ಜಾಮರ್ ಅಂತೂ ಖಾಸಗಿಯವರು ಮುಟ್ಟುವ ಹಾಗೇ ಇಲ್ಲ.

'ಅಷ್ಟು ದೊಡ್ಡ ಕಂಪನಿ ರಾಜಾರೋಷವಾಗಿ ಮಾರುತ್ತಲ್ಲ ದೊಡ್ಡಪ್ಪ' ಅಂತೀಯ. ನಾನೂ ಹಾಗೇ ಅಂದುಕೊಂಡಿದ್ದೆ. ಕಾರಿನಲ್ಲಿ ಸೀಟ್‌ಬೆಲ್ಟ್ ಹಾಕದಿದ್ದರೂ ಅಲಾರಂ ನಿಲ್ಲಿಸುವ ಕ್ಲಿಪ್ ಕೂಡ ಹಾಗೇ ಮಾರಾಟಕ್ಕಿತ್ತು. 2023ರ ಮೇನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಕಂಪನಿಗಳ ಮೇಲೆ ಆದೇಶ ಮಾಡಿತು. ಒಟ್ಟು 13,118 ಕ್ಲಿಪ್ ಜಾಹೀರಾತು ತೆಗೆಯಬೇಕಾಯಿತು. ಅಲ್ಲಿಯವರೆಗೆ ಕೊಂಡು ಸಿಕ್ಕಿಸಿಕೊಂಡವರ ಜೀವಕ್ಕೆ ಯಾರು ಹೊಣೆ ಹೇಳು.

ನನ್ನ ಡಬ್ಬ ಜಪ್ತಿಯಾದ ಮೇಲೆ ಮಾರಿದವನನ್ನು ಹುಡುಕಿದೆ. ಅವನ ಪುಟವೇ ಇರಲಿಲ್ಲ. ಬಿಲ್ಲಿನಲ್ಲಿ 'ಆಂಟೆನಾ ಸಾಮಾನು' ಅಂತ ಮಾತ್ರ ಇತ್ತು. ವಾಪಸ್ ಕೊಡುವ ಏಳು ದಿನದ ಗಡುವು ಯಾವತ್ತೋ ಮುಗಿದಿತ್ತು. ಅಧಿಕಾರಿಗಳ ಕಾಗದದಲ್ಲಿ ಇದ್ದದ್ದು ನನ್ನ ಹೆಸರು, ನನ್ನ ಸರ್ವೆ ನಂಬರು. ನಿನ್ನದು ಈಗಷ್ಟೇ ಶುರುವಾದ ಕೆಲಸ. ಪಾಸ್‌ಪೋರ್ಟಿಗೆ ಬೇರೆ ಅರ್ಜಿ ಹಾಕಿದ್ದೀಯ. ನಿನ್ನ ಹೆಸರಿನಲ್ಲಿ ಅಂಥ ಕಾಗದ ಬೇಡ.

ಚಿಕ್ಕಮಗಳೂರಿನ ನಿನ್ನ ಗೆಳೆಯ ಕಾಫಿ ತೋಟಕ್ಕೆ ವಾಕಿಟಾಕಿ ತರಿಸುತ್ತಾನೆ ಅಂದಿದ್ದೆಯಲ್ಲ, ಅವನಿಗೂ ಒಂದು ಮಾತು ಹೇಳು. 446.0ರಿಂದ 446.2 ಮೆಗಾಹರ್ಟ್ಸ್ ಒಳಗಿನ ಕಡಿಮೆ ಶಕ್ತಿಯ ಸೆಟ್ಟಿಗೆ ಲೈಸೆನ್ಸ್ ಬೇಡ. ಆದರೆ ಆ ಮಾದರಿಯ ಸೆಟ್ಟಿಗೆ ಸರ್ಕಾರದ ಒಪ್ಪಿಗೆ ಇದೆ ಅಂತ ಹೇಳುವ ಇಟಿಎ ಪ್ರಮಾಣಪತ್ರ ಇರಲೇಬೇಕು. 2025ರಲ್ಲಿ ಬಂದ ನಿಯಮದ ಪ್ರಕಾರ ಯಾವ ಫ್ರೀಕ್ವೆನ್ಸಿ, ಯಾವ ಪ್ರಮಾಣಪತ್ರ ಅಂತ ಮಾರಾಟದ ಪುಟದಲ್ಲೇ ತೋರಿಸಬೇಕು. ಇಲ್ಲದಿದ್ದರೆ ಮುಟ್ಟುವುದು ಬೇಡ. ಮೋಸ ಆಗಿದ್ದರೆ 1915ಕ್ಕೆ ಫೋನ್ ಮಾಡಲಿ, ಗ್ರಾಹಕ ಸಹಾಯವಾಣಿ ಅದು.

ಅಜ್ಜಿಗೆ ಬೇರೆ ದಾರಿ ಹುಡುಕಿದ್ದೇನೆ. ಫೈಬರ್ ಎಳೆಯುವ ಹುಡುಗ ಬಂದು ಅಳತೆ ಮಾಡಿ ಹೋಗಿದ್ದಾನೆ. ರಸ್ತೆಯಿಂದ ನಮ್ಮಲ್ಲಿಗೆ ಮೂರು ಕಂಬ ಸಾಕಂತೆ, ಮಳೆ ಬಿಟ್ಟರೆ ಗುರುವಾರ ಎಳೆಯುತ್ತಾನೆ. ಆಮೇಲೆ ವೈಫೈ ಕಾಲಿಂಗ್ ಹಾಕಿಕೊಂಡರೆ ಟವರ್ ಸಿಗದಿದ್ದರೂ ಇದೇ ನಂಬರಿನಲ್ಲಿ ಮಾತಾಡಬಹುದು. ಆದರೆ ಅಜ್ಜಿಯದ್ದು ಬಟನ್ ಫೋನು, ಅದರಲ್ಲಿ ಆಗುವುದಿಲ್ಲ. ನಿನ್ನ ಹಳೇ ಫೋನ್ ಸುಮ್ನೆ ಬಿದ್ದಿದೆ ಅಂದಿದ್ದೆ, ಅದರಲ್ಲಿ ವೈಫೈ ಕಾಲಿಂಗ್ ಬರುತ್ತಾ ನೋಡು. ಬಂದರೆ ಹಬ್ಬಕ್ಕೆ ಬರುವಾಗ ತಾ. ಅಕ್ಷರ ದೊಡ್ಡದು ಮಾಡಿ, ನಿನ್ನ ಫೋಟೋ ಒತ್ತಿದರೆ ನಿನಗೇ ರಿಂಗ್ ಆಗುವ ಹಾಗೆ ಮಾಡಿಕೊಡು. ಅಜ್ಜಿಗೆ ಇನ್ನೂ ಏನೂ ಹೇಳಿಲ್ಲ.

ನಿನ್ನ ದೊಡ್ಡಪ್ಪ