ಮಗಳಿಗೊಂದು ಪತ್ರ: ರೂಟರ್ ಸಾಕೋ, ಸ್ಪಿಂಡಲ್ ಬೇಕೋ

ಕಾರ್ಕಳ
ಆಟಿ ತಿಂಗಳ ಒಂದು ರಾತ್ರಿ

ಪ್ರೀತಿಯ ಮಗಳೇ,

ಮರದ ಅಂಚು ಕೊರೆಯಲು ಟೇಬಲಿಗೆ ಕಟ್ಟಿದ ರೂಟರ್ ಸಾಕೋ, ನಿಂತ ಶಾಫ್ಟಿಗೆ ಬ್ಲೇಡ್ ಕೂರಿಸುವ ದೊಡ್ಡ ಸ್ಪಿಂಡಲ್ ಮೆಷಿನ್ ಬೇಕೋ ಅಂತ ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಹಂಚಿನ ಮೇಲೆ ಬೀಳುತ್ತಿದ್ದ ಮಳೆಯಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ಕೇಳಿಸಿದ ಅರ್ಧಕ್ಕೆ "ನೋಡುವ, ಅವಸರ ಬೇಡ" ಅಂದುಬಿಟ್ಟೆ. ಹದಿನಾಲ್ಕು ದಾರಂದದ, ಅಂದರೆ ಬಾಗಿಲ ಚೌಕಟ್ಟಿನ, ಆರ್ಡರ್ ಕೈಯಲ್ಲಿಟ್ಟುಕೊಂಡು, ಹಳೆಯ ಸ್ಪಿಂಡಲ್ ಮೆಷಿನ್ ಒಂದಕ್ಕೆ ತಿಂಗಳ ಕೊನೆಗೆ ಮುಂಗಡ ಕೊಡುತ್ತೇನೆ ಅಂದವಳಿಗೆ ಅಷ್ಟು ಸಾಲದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ರೂಟರ್ ನಿಮಿಷಕ್ಕೆ 22,000 ಸುತ್ತು, ಸ್ಪಿಂಡಲ್ ಬರೀ 6,000, ಆದರೂ ಸ್ಪಿಂಡಲಿನದ್ದೇ ಎಂತಕ್ಕೆ ನಯ ಅಂತ ಕೇಳಿದೆಯಲ್ಲ? ಸುತ್ತು ಎಣಿಸಬೇಡ. ಕಟ್ಟರಿನ ಬಾಯಿ ಎಷ್ಟು ದೂರ ಓಡುತ್ತದೆ ಅಂತ ಲೆಕ್ಕ ಹಾಕು. ರೂಟರಿಗೆ ಹಾಕುವ 12 ಮಿ.ಮೀ. ಬಿಟ್ಟಿನ ಬಾಯಿ ಒಂದು ಸುತ್ತಿಗೆ ಸುಮಾರು 38 ಮಿ.ಮೀ. ಓಡುತ್ತದೆ. 22,000 ಸುತ್ತಿನಲ್ಲಿ ಅದು ಸೆಕೆಂಡಿಗೆ 14 ಮೀಟರಿನ ಹತ್ತಿರ. ಸ್ಪಿಂಡಲಿಗೆ ಹಾಕುವ, ಬ್ಲೇಡ್ ಕೂರಿಸಿದ 125 ಮಿ.ಮೀ. ಬ್ಲಾಕ್ 6,000ದಲ್ಲಿ ತಿರುಗಿದರೂ ಅದರ ಬಾಯಿ ಸೆಕೆಂಡಿಗೆ 39 ಮೀಟರ್ ಓಡುತ್ತದೆ. ಅಷ್ಟೇ ಅಲ್ಲ, ದೊಡ್ಡ ಸುತ್ತಿನ ಬಾಯಿ ಮರದೊಳಗೆ ಮೆಲ್ಲಗೆ ಓರೆಯಾಗಿ ಇಳಿದು ಹಾಗೆಯೇ ಹೊರಬರುತ್ತದೆ, ಕೀಸುಳಿ ಹಿಡಿದ ಹಾಗೆ. ಸಣ್ಣ ಬಿಟ್ ಕೊಕ್ಕಿನಲ್ಲಿ ಕುಕ್ಕಿದ ಹಾಗೆ ಕೀಳುತ್ತದೆ. ಹೆಬ್ಬಲಸಿನಲ್ಲಿ ಅಡ್ಡ ನಾರು ಬಂದ ಕಡೆ ನಿನಗೆ ಸಿಬಿರು ಎದ್ದದ್ದು ಅದಕ್ಕೇ. ಬಿಟ್ ಮೊಂಡಾಗಿತ್ತು ಅಂತ ನೀನು ಅಂದುಕೊಂಡೆ, ಅದು ಅಲ್ಲ.

ಇದೇ ಲೆಕ್ಕದಲ್ಲಿ ಒಂದು ಎಚ್ಚರಿಕೆಯೂ ಉಂಟು. ಬಾಗಿಲಿನ ಪ್ಯಾನೆಲ್ ಅಂಚು ಇಳಿಸುವ ದೊಡ್ಡ ಬಿಟ್ 80 ಮಿ.ಮೀ. ಇರುತ್ತದೆ. ಅದನ್ನು ಮರೆತು 22,000ದಲ್ಲೇ ಬಿಟ್ಟರೆ ಬಾಯಿ ಸೆಕೆಂಡಿಗೆ 92 ಮೀಟರ್ ಓಡುತ್ತದೆ. ರೂಟರನ್ನು 10,000ಕ್ಕೆ ಇಳಿಸಿಕೊಂಡು, ಬಿಟ್ಟಿನ ಕಾಲು ಹಿಡಿಯುವ ಅರ್ಧ ಇಂಚಿನ ಕೊಲೆಟ್ಟಿನಲ್ಲೇ ಹಿಡಿಸು. ವೇಗ ಇಳಿಸುವ ಗುಂಡಿ ಇಲ್ಲದ ರೂಟರನ್ನು ಟೇಬಲಿಗೆ ಕಟ್ಟಲೇಬೇಡ.

ಇನ್ನು ಮೋಟಾರು. ರೂಟರಿನದ್ದು ಕಾರ್ಬನ್ ಬ್ರಷ್ಷಿನ ಮೋಟಾರು, ಮಿಕ್ಸಿಯದ್ದೇ ಜಾತಿ. ಹಗುರ, ಜೋರು, ಆದರೆ ಬೇಗ ಬಿಸಿಯಾಗುತ್ತದೆ. ಟೇಬಲಿನ ಕೆಳಗೆ ತಲೆಕೆಳಗಾಗಿ ಕಟ್ಟಿದಾಗ ಮರದ ಹುಡಿಯೆಲ್ಲ ಅದರ ಮೈಮೇಲೇ ಬೀಳುತ್ತದೆ. ಸ್ಪಿಂಡಲಿನದ್ದು ಬೆಲ್ಟ್ ಹಾಕಿದ ಇಂಡಕ್ಷನ್ ಮೋಟಾರು, ಬೆಳಿಗ್ಗೆಯಿಂದ ಸಂಜೆವರೆಗೆ ಓಡಿದರೂ ಅದಕ್ಕೆ ದಣಿವಿಲ್ಲ. ಸದ್ದೂ ಕಡಿಮೆ. ನನಗೆ ಆ ಮೆಷಿನಿನ ಮೇಲೆ ಪ್ರೀತಿಯೇ ಉಂಟು, ಅದನ್ನು ಮುಚ್ಚಿಡುವುದಿಲ್ಲ.

ಆದರೆ ನಿನಗೆ ಈವರೆಗೆ ಹೇಳದ ಒಂದು ಸಂಗತಿ ಉಂಟು. ನೀನು ಹುಟ್ಟುವ ಮೊದಲು ನಾನು ಕೆಲಸಕ್ಕಿದ್ದ ಒಂದು ಮಿಲ್ಲಿನಲ್ಲಿ ಸ್ಪಿಂಡಲಿಗೆ ಹಳೆಯ ಚದರ ಬ್ಲಾಕ್ ಹಾಕುತ್ತಿದ್ದರು. ಎರಡು ಬದಿಗೆ ಎರಡು ಬ್ಲೇಡ್, ಅವನ್ನು ಹಿಡಿದಿರುವುದು ಬೋಲ್ಟ್ ಮಾತ್ರ. ಒಂದು ಮಧ್ಯಾಹ್ನ ಸ್ವಿಚ್ ಹಾಕಿ ಎರಡು ಹೆಜ್ಜೆ ಹಿಂದೆ ಸರಿದಿದ್ದೆ, ಅಷ್ಟರಲ್ಲಿ "ಠಣ್" ಅಂತ ಒಂದು ಸದ್ದು. ಒಂದು ಬ್ಲೇಡ್ ಹಾರಿ ಎದುರಿನ ಮುರಕಲ್ಲಿನ ಗೋಡೆಯಲ್ಲಿ ನಾಟಿಕೊಂಡಿತ್ತು. ಕಿತ್ತು ತೆಗೆಯಲು ಉಳಿ ಬೇಕಾಯಿತು. ಬೋಲ್ಟ್ ನೋಡಿದರೆ ಅದರ ತಿರುಪಿನ ಸುತ್ತು ಸವೆದು ನುಣ್ಣಗಾಗಿತ್ತು. ಯಾರಿಗೂ ಏನೂ ಆಗಲಿಲ್ಲ. ನಾನು ಮಾತ್ರ ಆ ದಿನ ಊಟ ಮಾಡಲಿಲ್ಲ. ನಿನ್ನ ಅಮ್ಮನಿಗೂ ಹೇಳಲಿಲ್ಲ.

ಈಗ ಒಳ್ಳೆಯ ಬ್ಲಾಕುಗಳು ಬಂದಿವೆ. ಬ್ಲೇಡ್ ಜಾರದ ಹಾಗೆ ಪಿನ್ ಇರುತ್ತದೆ. ಅದರ ಮುಂದೆ ಒಂದು ತಡೆ ಇರುತ್ತದೆ, ಬ್ಲೇಡ್ ಆ ತಡೆಗಿಂತ 1.1 ಮಿ.ಮೀ.ಗಿಂತ ಹೆಚ್ಚು ಹೊರಚಾಚುವುದಿಲ್ಲ. ಹಾಗಾಗಿ ಒಂದು ಸುತ್ತಿಗೆ ಕಚ್ಚುವುದು ಸ್ವಲ್ಪವೇ. ಮರ ಹಿಂದಕ್ಕೆ ಒದೆಯುವ ಜೋರು ಇಳಿಯುತ್ತದೆ. ಯುರೋಪಿನ ಇಎನ್ 847-1 ನಿಯಮದಂತೆ ಕೈಯಿಂದ ಮರ ತಳ್ಳುವ ಕೆಲಸದ ಬ್ಲಾಕಿನ ಮೇಲೆ ಎಂ-ಎ-ಎನ್ ಅಂತ ಕೊರೆದಿರುತ್ತಾರೆ. ಆ ಹಳೆಯ ಮೆಷಿನಿನ ಜೊತೆ ಚದರ ಬ್ಲಾಕ್ ಧರ್ಮಕ್ಕೆ ಕೊಡುತ್ತೇನೆ ಅಂದರೂ ಮನೆಗೆ ತರಬೇಡ.

ಈಗ ನಿನ್ನ ದಾರಂದಗಳಿಗೆ ಬರುವ. ಐದು-ಮೂರು ಇಂಚಿನ ಕಿರಾಲ್‌ಭೋಗಿ ಅಂದೆ. ಏಳಡಿಯ ಒಂದು ಕಾಲೇ ಇಪ್ಪತ್ತು ಕೆ.ಜಿ. ಹತ್ತಿರ ತೂಗುತ್ತದೆ. ಅರ್ಧ ಇಂಚು ಆಳ, ಒಂದೂವರೆ ಇಂಚು ಅಗಲದ, ಬಾಗಿಲು ಕೂರುವ ಕಚ್ಚು ತೆಗೆಯಬೇಕು. ರೂಟರಿನಲ್ಲಾದರೆ ಅಂಥ ಗಟ್ಟಿ ಮರಕ್ಕೆ ಐದು ಸಲವಾದರೂ ಹಾಯಿಸಬೇಕು. ಒಂದು ದಾರಂದಕ್ಕೆ ಹದಿನೆಂಟು ಅಡಿ ಅಂತ ಹಿಡಿದರೆ ಹದಿನಾಲ್ಕಕ್ಕೆ 252 ಅಡಿ, ಐದು ಸಲಕ್ಕೆ 1,260 ಅಡಿ. ಅಷ್ಟರಲ್ಲಿ ನಿನ್ನ ರೂಟರೂ ಸುಡುತ್ತದೆ, ನಿನ್ನ ಸೊಂಟವೂ ಬೀಳುತ್ತದೆ. ಅದನ್ನು ನೋಡಿಯೇ ನೀನು ಸ್ಪಿಂಡಲ್ ಬೇಕು ಅಂದದ್ದು, ನನಗೆ ಅರ್ಥವಾಗುತ್ತದೆ.

ಆದರೆ ಮಗಳೇ, ಕಚ್ಚು ಅಂದರೆ ಎರಡು ನೇರ ಗೀರು, ಅಷ್ಟೇ. ನಿನ್ನ ಹತ್ತಿರ ಸರ್ಕ್ಯುಲರ್ ಗರಗಸ ಉಂಟು. ಒಂದು ಗೀರು ಚಪ್ಪಟೆ ಹಿಡಿದು, ಇನ್ನೊಂದು ನಿಲ್ಲಿಸಿ ಹಿಡಿದು ಹಾಯಿಸಿದರೆ ಅರ್ಧ ಇಂಚಿನ ಪಟ್ಟಿ ಇಡಿಯಾಗಿ ಬಿಡಿಸಿ ಬರುತ್ತದೆ. ಆ ಪಟ್ಟಿ ಬೀಡಿಂಗಿಗೂ ಆಗುತ್ತದೆ. ಎರಡನೇ ಗೀರು ಹೊಡೆಯುವಾಗ ಬಿಡಿಸುವ ಪಟ್ಟಿ ಬ್ಲೇಡಿಗೂ ಮರ ಒರಗಿಸುವ ಫೆನ್ಸಿಗೂ ನಡುವೆ ಸಿಕ್ಕಿಕೊಳ್ಳಬಾರದು, ಅದು ಹೊರಬದಿಗೇ ಇರಲಿ. ಇಲ್ಲದಿದ್ದರೆ ಬಾಣದ ಹಾಗೆ ಹಿಂದಕ್ಕೆ ಬರುತ್ತದೆ. ಬದಿಯಲ್ಲಿ ರೋಲರ್ ಸ್ಟ್ಯಾಂಡ್ ಇಡು, ಮತ್ತೊಂದು ತುದಿ ಹಿಡಿಯಲು ಒಬ್ಬರನ್ನು ಕರೆದುಕೋ. ಈ ಆರ್ಡರಿಗೆ ಸ್ಪಿಂಡಲ್ ಬೇಕಾಗಿಲ್ಲ. ಪ್ಯಾನೆಲ್, ಕಿಟಕಿಯ ಬೀಡಿಂಗ್, ದೇವರಕೋಣೆಯ ಬಾಗಿಲಿನ ಅಂಚು, ಇದಕ್ಕೆಲ್ಲ ಗಟ್ಟಿ ರೂಟರ್ ಟೇಬಲ್ ಧಾರಾಳ ಸಾಕು.

ಸ್ಪಿಂಡಲ್ ಬೇಕಾಗುವುದು ಯಾವಾಗ ಗೊತ್ತುಂಟೇ? ಮಂಗಳೂರಿನ ಹಳೆಯ ಹಂಚಿನ ಮನೆಗಳ ಸಾಗುವಾನಿ ಬಾಗಿಲು ರಿಪೇರಿಯ ಕೆಲಸ ನಿನಗೆ ಆಗಾಗ ಬರುತ್ತದೆಯಲ್ಲ, ಅದು ದಿನವೂ ಬರತೊಡಗಿದಾಗ. ಆ ಅಂಚುಗಳ ಬಾಗು-ಬಳುಕಿಗೆ ಸರಿಹೊಂದುವ ಬಿಟ್ ಅಂಗಡಿಯಲ್ಲಿ ಸಿಗುವುದಿಲ್ಲ. ಸ್ಪಿಂಡಲಿಗಾದರೆ ಹಳೆಯ ಅಂಚಿನ ಅಚ್ಚು ತೆಗೆದು ಅದೇ ಆಕಾರಕ್ಕೆ ಬ್ಲೇಡ್ ಜೋಡಿ ಅರೆಸಿಕೊಳ್ಳಬಹುದು. ನೂರು ವರ್ಷದ ಬಾಗಿಲಿಗೆ ಹೊಸ ಪಟ್ಟಿ ಹಾಕಿ, ಯಾವುದು ಹಳೆಯದು ಯಾವುದು ಹೊಸದು ಅಂತ ಗೊತ್ತಾಗದ ಹಾಗೆ ಮಾಡುವ ಕೆಲಸ ನಿನ್ನ ಕೈಯಿಂದ ಆಗಬೇಕು ಅಂತ ನನಗೆ ಬಹಳ ಆಸೆ.

ಆಗ ತೆಗೆದುಕೊಳ್ಳುವಾಗ ಪವರ್ ಫೀಡರಿನ ಜೊತೆಗೇ ತೆಗೆದುಕೋ. ಮೆಷಿನ್ ಈಗ, ಫೀಡರ್ ದುಡ್ಡಾದ ಮೇಲೆ ಅನ್ನಬೇಡ. ಮರವನ್ನು ಫೀಡರಿನ ಚಕ್ರ ಎಳೆದುಕೊಂಡು ಹೋದರೆ ನಿನ್ನ ಕೈ ಬ್ಲಾಕಿನ ಹತ್ತಿರ ಹೋಗುವ ಪ್ರಮೇಯವೇ ಇಲ್ಲ. ಎರಡಕ್ಕೂ ಆಗುವಷ್ಟು ದುಡ್ಡಿಲ್ಲದಿದ್ದರೆ ಎರಡೂ ಬೇಡ, ಕಾಯುವ.

ನಿನ್ನ ಶೆಡ್ಡಿಗೆ ತ್ರೀ ಫೇಸ್ ಕೂಡ ಇಲ್ಲ. ಅದನ್ನು ಮೆಸ್ಕಾಂನಲ್ಲಿ ಮೊದಲು ಕೇಳು. ಬಂದ ಮೇಲೂ ಒಂದು ಅಭ್ಯಾಸ ಇಟ್ಟುಕೋ: ಗಾಳಿಮಳೆಗೆ ಲೈನ್ ಕಡಿದು, ರಿಪೇರಿಯಲ್ಲಿ ಎರಡು ಫೇಸ್ ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ. ಪಂಪಿನಲ್ಲಾದರೆ ನೀರು ಸರಿಯಾಗಿ ಏರುವುದಿಲ್ಲ, ಅಷ್ಟೇ. ಸ್ಪಿಂಡಲಿನಲ್ಲಿ ಬ್ಲಾಕು ಮರವನ್ನೂ ಅದರ ಜೊತೆ ನಿನ್ನ ಕೈಯನ್ನೂ ಒಳಗೆ ಸೆಳೆಯುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಬ್ಲಾಕ್ ಬಿಚ್ಚಿ ಬರೀ ಶಾಫ್ಟ್ ತಿರುಗಿಸಿ ನೋಡು. ಯಾವ ಮೆಷಿನಿನಲ್ಲೂ ಬಾಯಿ ತಿರುಗುವ ದಿಕ್ಕಿಗೆ ಎದುರಾಗಿಯೇ ಮರ ತಳ್ಳಬೇಕು. ರೂಟರ್ ಟೇಬಲಿನಲ್ಲಿ ಅದು ಬಲದಿಂದ ಎಡಕ್ಕೆ.

ಹುಡಿ ಎಳೆಯುವ ಮೆಷಿನನ್ನು ರೂಟರ್ ಟೇಬಲಿನ ಜೊತೆಗೇ ತರಿಸು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಹುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮುಖಕ್ಕೆ ವೇಲು ಸುತ್ತಿಕೊಂಡರೆ ಸಾಲದು, ಮಾಸ್ಕ್ ಹಾಕು.

ಶನಿವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಹಲಸಿನ ಹಲಗೆಯಲ್ಲಿ ಬಾಚಣಿಗೆಯ ಹಾಗೆ ಹಲ್ಲು ಕೊಯ್ದು, ಮರವನ್ನು ಫೆನ್ಸಿಗೆ ಒತ್ತಿ ಹಿಡಿಯುವ ಎರಡು ಪಟ್ಟಿ ಮಾಡಿಟ್ಟಿದ್ದೇನೆ, ಎರಡು ತಳ್ಳುಕೋಲೂ ಉಂಟು. ಟೇಬಲಿನ ಅಗಲ ಅಳೆದು ನಾಳೆ ಫೋನಿನಲ್ಲಿ ಹೇಳು, ಅದಕ್ಕೆ ಸರಿಯಾಗಿ ತೂತು ಕೊರೆದು ತರುತ್ತೇನೆ.

ನಿನ್ನ
ಅಪ್ಪ