ಮಗುಚಿಟ್ಟ ಕಲ್ಲು

ಹೋದ ತಿಂಗಳು ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಏಳು ವರ್ಷ ಹಿಡಿಯಿತು. ಪ್ರತಿ ಮದುವೆಮನೆಯಲ್ಲೂ "ಇನ್ನೂ ಮುಗೀಲಿಲ್ವೇನೇ?" ಎಂದು ಕೇಳುತ್ತಿದ್ದ ನೆಂಟರೆಲ್ಲ ಕೇಳಿಸಿಕೊಳ್ಳಿ: ಮುಗೀತು. ಪ್ರಬಂಧದ ಮೊದಲ ಪುಟದಲ್ಲಿ ಕೃತಜ್ಞತೆ ಬರೆದಿದ್ದೇನೆ. ಆದರೆ ಅದು ಇಂಗ್ಲಿಷಿನಲ್ಲಿದೆ, ಅದು ಸಲ್ಲಬೇಕಾದವರು ಅದನ್ನು ಓದುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪೋಡಿನ, ಅಂದರೆ ಸೋಲಿಗ ಆದಿವಾಸಿಗಳ ಊರಿನ, ಹುಡುಗರು ಫೋನಿನಲ್ಲಿ ಇದನ್ನು ಹಿರಿಯರಿಗೆ ಓದಿ ಹೇಳುತ್ತಾರೆ ಅನ್ನುವ ನಂಬಿಕೆ.

ನಾನು ಕೆಲಸ ಮಾಡಿದ್ದು ಬಿಳಿಗಿರಿರಂಗನ ಬೆಟ್ಟದಲ್ಲಿ, ಸೋಲಿಗರು ಬಿಟ್ಟುಬಂದ ಹಳೇ ಪೋಡುಗಳ ಮೇಲೆ. 1974ರಲ್ಲಿ ಅಲ್ಲಿ ವನ್ಯಜೀವಿಧಾಮವಾಯಿತು. ಬೇಟೆ ನಿಂತಿತು, ಕಾಡು ಕಡಿದು ರಾಗಿ ಬಿತ್ತುವ ಬೇಸಾಯ ನಿಂತಿತು, ಒಳಕಾಡಿನಲ್ಲಿದ್ದವರನ್ನು ರಸ್ತೆ ಬದಿಗೆ ತಂದು ಕೂರಿಸಿದರು. ಬಿದಿರು, ಮಣ್ಣು, ಹುಲ್ಲಿನ ಮನೆ ಕೆಲವೇ ಮಳೆಗಾಲಕ್ಕೆ ನೆಲ ಸೇರುತ್ತದೆ. ಐವತ್ತು ವರ್ಷದ ಹಿಂದಿನ ಊರೇ ಕಣ್ಣಿಗೆ ಬೀಳದಿದ್ದರೆ ಸಾವಿರಾರು ವರ್ಷದ ಹಿಂದಿನದನ್ನು ಯಾವ ಧೈರ್ಯದಲ್ಲಿ ಓದುತ್ತೇವೆ? ಈ ಪ್ರಶ್ನೆ ಇಟ್ಟುಕೊಂಡು ಹೋಗಿದ್ದೆ. ಎಂ.ಎ.ಯಲ್ಲಿ ನಾನು ಕಲಿತ ಪುರಾತತ್ತ್ವ ಉತ್ಖನನ ನಡೆದ ಬ್ರಹ್ಮಗಿರಿಯದು, ಟಿ. ನರಸೀಪುರದ್ದು: ಗುಂಡಿ, ಮಣ್ಣಿನ ಪದರ, ಮಡಕೆ ಚೂರು.

ಮೊದಲ ನಮಸ್ಕಾರ ಗ್ರಾಮಸಭೆಗೆ. ನನ್ನ ಅರ್ಜಿ ಕೆಳಗಿನ ಒಂದು ಕಚೇರಿಯಲ್ಲಿ 14 ತಿಂಗಳು ಕೂತಿತ್ತು. (ಆ ಕಚೇರಿಗೂ ಥ್ಯಾಂಕ್ಸ್ ಹೇಳುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.) ಅಷ್ಟರಲ್ಲಿ ನನ್ನ ಗೈಡ್ ಮೇಡಂ, "ಕಾಗದ ಬರೋವರೆಗೆ ಸುಮ್ನೆ ಯಾಕೆ ಕೂತಿರ್ತೀಯ, ಮೊದಲು ಪೋಡಿನೋರನ್ನ ಕೇಳು" ಅಂದರು. ಈ ಬೆಟ್ಟದ 25 ಗ್ರಾಮಸಭೆಗಳಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ, ಅದೂ ಹುಲಿ ಮೀಸಲು ಪ್ರದೇಶವಾದ ವರ್ಷವೇ. ಕೇಳಲೇಬೇಕಾದವರನ್ನು ನಾನು ಕೊನೆಗೆ ಕೇಳಬಹುದು ಅಂದುಕೊಂಡಿದ್ದೆ.

ಇಪ್ಪತ್ತು ನಿಮಿಷ ಉದ್ದೇಶ, ವಿಧಾನ ಅಂತೆಲ್ಲ ವಿವರಿಸಿದೆ. ಬಂದದ್ದು ಒಂದೇ ಪ್ರಶ್ನೆ: "ಅಗೀತೀಯಾ?" ಇಲ್ಲ ಅಂದೆ. ಆ ಕ್ಷಣದಲ್ಲಿ, ಯಾವ ಯೋಚನೆಯೂ ಇಲ್ಲದೆ ಬಂದ ಮಾತು ಅದು. ಆಮೇಲೆ ಕೊನೆಯವರೆಗೂ ಅದನ್ನೇ ಉಳಿಸಿಕೊಂಡೆ, ಒಂದು ಹಾರೆಯನ್ನೂ ನೆಲಕ್ಕೆ ಹಾಕಲಿಲ್ಲ. ವೈವಾದಲ್ಲಿ ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿ ಉತ್ಖನನವೇ ಇಲ್ಲವಲ್ಲ ಎಂದಾಗ ಈ ಕತೆ ಹೇಳಿದೆ. ಪೂರ್ತಿ ಒಪ್ಪಿದರು ಅಂತ ಅನಿಸಲಿಲ್ಲ. ಪಾಸ್ ಮಾಡಿದರು.

ಇನ್ನು ಪೋಡಿನ ಅಜ್ಜಿ. "ನನ್ನೆಸ್ರು ಯಾಕವ್ವ, ಬುಡು" ಅಂದಿದ್ದರಿಂದ ಹೆಸರು ಬರೆಯುತ್ತಿಲ್ಲ.

ಅವರ ಹಳೇ ಪೋಡಿಗೆ ಅಜ್ಜಿಗಿಂತ ಮೊದಲೇ ನಾನು ಎರಡು ಸಲ ಹೋಗಿಬಂದಿದ್ದೆ. ಆಳೆತ್ತರದ ಲಂಟಾನದ ನಡುವೆ ಟೇಪು ಹಿಡಿದು ಕಂಡ ಕಲ್ಲಿಗೆಲ್ಲ ನಂಬರ್ ಕೊಟ್ಟಿದ್ದೆ. ಮೂರನೇ ಸಲ ಅಜ್ಜಿಯೇ ಬಂದರು, ಮೊಮ್ಮಗನ ಭುಜ ಹಿಡಿದುಕೊಂಡು. ಮೊದಲು ಲಂಟಾನಕ್ಕೆ ಬೈದರು. ವರ್ಷ ವರ್ಷ ತರಗು ಬೆಂಕಿ ಹಾಕುತ್ತಿದ್ದಾಗ ಈ ದರಿದ್ರ ಗಿಡ ಎಲ್ಲಿತ್ತು ಅಂತ. ಆಮೇಲೆ ಮಾತು ನಿಲ್ಲಿಸಿ ನಡೆಯತೊಡಗಿದರು. ಒಂದು ಕಡೆ ಮಣ್ಣು ಕಪ್ಪಗಿತ್ತು, ಅಲ್ಲಿ ಬೆಳೆದ ಸೊಪ್ಪೂ ಬೇರೆ. "ತಿಪ್ಪೆ" ಅಂದರು. ಅಲ್ಲಿಂದ ಹದಿನೈದು ಹೆಜ್ಜೆಗೆ "ಅತ್ತೆ ಮನೆ". ಬೆಳಕು ಬರುವ ದಿಕ್ಕು ನೋಡಿ "ಇಲ್ಲಿ ಬಾಗ್ಲು". ನಾನು ಎರಡು ದಿನ ಅಳೆದ ಜಾಗ ಅರ್ಧ ಗಂಟೆಯಲ್ಲಿ ಐದು ಮನೆ, ಒಂದು ಅಂಗಳ, ಒಂದು ಜಗಳದ ಬೇಲಿ ಆಯಿತು. ಬೇಲಿ ಯಾಕೆ ಹಾಕಿದರು ಅನ್ನುವುದನ್ನೂ ಹೇಳಿದರು, ಅದು ಪ್ರಬಂಧದಲ್ಲಿಲ್ಲ.

17ನೇ ನಂಬರ್ ಕಲ್ಲಿನ ಹತ್ತಿರ ಬಂದು ನಿಂತರು. ನನ್ನ ಪಟ್ಟಿಯಲ್ಲಿ ಅದರ ಎದುರು "ಸಹಜ ಬಂಡೆ, ಬಳಕೆಯ ಗುರುತಿಲ್ಲ" ಎಂದಿತ್ತು. ಅಜ್ಜಿ ಮೊಮ್ಮಗನಿಗೆ "ಎತ್ತ್ಲಾ" ಅಂದರು. ಇಬ್ಬರೂ ಸೇರಿ ಮಗುಚಿದೆವು. ಅಡಿಯಲ್ಲಿ ನುಣ್ಣಗೆ ಸವೆದು ದೋಣಿಯಂತೆ ತಗ್ಗಾದ ಮೈ. ಅರೆಯುವ ಕಲ್ಲು.

"ಹೊರಕಾಗ್ನಿಲ್ಲ ಕಣವ್ವ. ಗುಂಡು ಎತ್ಕಂಡೆ, ಇದ ಮಗುಚಾಕ್ಬುಟ್ಟು ಬಂದೆ. ಹೆಂಗಿದ್ರೂ ಬತ್ತೀವಲ್ಲ ಅಂತ."

ಅಲಾಸ್ಕಾದ ನುನಾಮಿಯುಟ್ ಜನರ ನಡುವೆ ಕೆಲಸ ಮಾಡಿದ ಅಮೆರಿಕದ ಪುರಾತತ್ತ್ವಜ್ಞ ಲೂಯಿಸ್ ಬಿನ್‌ಫರ್ಡ್ ಇಂಥದ್ದನ್ನೇ 1970ರ ದಶಕದಲ್ಲಿ ಬರೆದಿದ್ದಾರೆ: ತಿರುಗಿ ಬರುವ ಜಾಗದಲ್ಲಿ ಜನ ಭಾರದ ಸಾಮಾನನ್ನು ಅಲ್ಲೇ ಬಿಟ್ಟುಹೋಗುತ್ತಾರೆ, ಅದು ಆ ಜಾಗದ ಪೀಠೋಪಕರಣವಿದ್ದಂತೆ ಎಂದು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಹತ್ತಕ್ಕೆ ಎಂಟು ತೆಗೆದವಳು ನಾನು. ಅದೇ ಕಲ್ಲಿನ ಮೇಲೆ ಎರಡು ಸಲ ಕೂತು ಬುತ್ತಿ ತಿಂದಿದ್ದೆ.

ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಸಂಜೆ. ಗುಂಡು ಈಗ ಎಲ್ಲಿದೆ ಅಂತ ಕೇಳಿದೆ. ಅಜ್ಜಿ ಒಲೆಯ ಕಡೆ ಗದ್ದ ತೋರಿಸಿದರು. ಎರಡು ವರ್ಷದಿಂದ ಅವರ ಮನೆಯಲ್ಲಿ ಮುದ್ದೆ ಉಣ್ಣುವಾಗೆಲ್ಲ ಕಣ್ಣೆದುರಿಗೇ ಇದ್ದ ಕಲ್ಲು. ಸಂತೆಯಿಂದ ತಂದ ಹೊಸ ಕಲ್ಲಿನ ಮೇಲೆ ಅದು ಸರಿಯಾಗಿ ಕೂರುವುದಿಲ್ಲ, ಅರೆಯುವಾಗ ಟಕ್ ಟಕ್ ಅನ್ನುತ್ತದೆ. ಆ ಸದ್ದನ್ನೂ ಎಷ್ಟೋ ಸಲ ಕೇಳಿದ್ದೆ. ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ಪೂರ್ತಿ ಇರುವುದು ಕಾಡಿನಲ್ಲಿರುವ ಆ ಕಲ್ಲು ಮತ್ತು ಒಲೆ ಪಕ್ಕದ ಈ ಗುಂಡಿನ ನಡುವಿನ ದಾರಿಯ ಮೇಲೆ. ಚಿತ್ರ ಬರೆದು ಫೋಟೋ ತೆಗೆದ ಮೇಲೆ ಅಜ್ಜಿ ಕಲ್ಲನ್ನು ಮತ್ತೆ ಮಗುಚಿ ಹಾಕಿಸಿದರು. ಯಾಕೆ ಅಂತ ನಾವಿಬ್ಬರೂ ಕೇಳಲಿಲ್ಲ.

ಕುಲದ ಯಜಮಾನರಾದ ಅಜ್ಜನಿಗೂ ಋಣಿ. ಸೋಲಿಗರ ಒಂದೊಂದು ಕುಲಕ್ಕೂ ಅದರದೇ ಎಲ್ಲೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು ಅನ್ನುವ ಉಗ್ರ ದೈವ, ಹಿರಿಯರನ್ನು ಮಣ್ಣು ಮಾಡಿದ ಕಲ್ಲುಗುಡಿ, ನೀರಿನ ಅಬ್ಬಿ. ಅವರು ತೋರಿಸಿದ ಕಲ್ಲುಗುಡಿಯ ಮುಂದೆ ನಿಂತು ನಾನು ನೋಟ್‌ಬುಕ್ಕಿನಲ್ಲಿ "ಬೃಹತ್ ಶಿಲಾಯುಗದ ಗೋರಿ?" ಎಂದು ಗೀಚುತ್ತಿದ್ದಾಗ, ಮೊದಲು ಚಪ್ಪಲಿ ಬಿಡು ಅಂದರು. ಆಮೇಲೆ ಎರಡು ಜಾಗದ ಗುರುತು ಬರೆಯಬೇಡ ಅಂದರು. ಬರೆದಿಲ್ಲ. ನಕ್ಷೆಯಲ್ಲಿ ಅಲ್ಲಿ ಬಿಳಿ ಇದೆ. ತಮ್ಮ ಎಲ್ಲೆಗಳ ನಕ್ಷೆಯನ್ನು ಏಟ್ರೀ ಅನ್ನುವ ಬೆಂಗಳೂರಿನ ಪರಿಸರ ಸಂಸ್ಥೆಯ ಸಂಶೋಧಕರ ಜೊತೆ ಸೇರಿ ಸೋಲಿಗರು ಮೊದಲೇ ಮಾಡಿಕೊಂಡಿದ್ದವರು. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಜಿಪಿಎಸ್ ಹಿಡಿದು ನನ್ನ ಮುಂದೆ ನಡೆದ ಹುಡುಗರಿಗೆ, ಆನೆ ವಾಸನೆ ಹಿಡಿದು ನನ್ನನ್ನು ನಾಲ್ಕು ಸಲ ವಾಪಸ್ ಓಡಿಸಿದವರಿಗೆ. ಗೈಡ್ ಮೇಡಂಗೆ. ಫೆಲೋಶಿಪ್ ಬಾರದ ತಿಂಗಳುಗಳಲ್ಲಿ ಏನೂ ಕೇಳದೆ ಖಾತೆಗೆ ದುಡ್ಡು ಹಾಕಿದ ಅಕ್ಕನಿಗೆ. ಅಮ್ಮನಿಗೆ, ಹುಲಿ ಕಾಡು ಅಂತ ಗೊತ್ತಿದ್ದೂ ಕಳಿಸಿದ್ದಕ್ಕೆ.

ಹೋದ ವಾರ ಪ್ರಬಂಧದ ಕನ್ನಡ ಸಾರಾಂಶ ತೆಗೆದುಕೊಂಡು ಪೋಡಿಗೆ ಹೋಗಿದ್ದೆ. ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ. 31ನೇ ಪುಟದಲ್ಲಿ ಅಜ್ಜಿಯ ಅತ್ತೆ ಮನೆಯ ಬಾಗಿಲನ್ನು ಪಡುವಣಕ್ಕೆ ಬರೆದುಬಿಟ್ಟಿದ್ದೇನೆ, ಅದು ಮೂಡಣಕ್ಕಿತ್ತು. ಇನ್ನೊಂದು ಕಡೆ ಇಬ್ಬರು ಅಣ್ಣತಮ್ಮಂದಿರನ್ನು ಬಾವ ಬಾಮೈದ ಮಾಡಿದ್ದೇನೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಎರಡನ್ನೂ ತಿದ್ದಿದ ಪ್ರತಿಯನ್ನು ರೊಟ್ಟಿ ಹಬ್ಬಕ್ಕೆ ಬರುವಾಗ ತರುತ್ತೇನೆ.